ಎಂ.ಟೆಕ್ ಜೊತೆ ಉದ್ಯಮದ ಓದು: ಅಡಿಕೆ ಡ್ರೈಯರ್ ಕಲಿಸಿದ್ದು

ಎಂ.ಟೆಕ್‌ನಲ್ಲಿ ನನ್ನದು ಥರ್ಮಲ್ ಎಂಜಿನಿಯರಿಂಗ್. ಥೀಸಿಸ್ ವಿಷಯ ಅಡಿಕೆ ಡ್ರೈಯರ್. ಇಲೆಕ್ಟಿವ್ ಆಗಿ ಉದ್ಯಮಶೀಲತೆ ತಗೊಂಡಾಗ ಅಲ್ಲಿಯೂ ಇದೇ ಡ್ರೈಯರ್ ಇಟ್ಟುಕೊಂಡೆ. ಕ್ಲಾಸಿಗೆ ಅಂತ ಒಂದು ಕಾಲ್ಪನಿಕ ಕಂಪನಿ ಕಟ್ಟಿದರೆ ಪಿಪಿಟಿ ಚೆನ್ನಾಗಿ ಬರುತ್ತದೆ, ಅಷ್ಟೇ.

ಅಮೆರಿಕದ ಎನ್‌ಎಸ್‌ಎಫ್ (ನ್ಯಾಷನಲ್ ಸೈನ್ಸ್ ಫೌಂಡೇಶನ್) 2011ರಲ್ಲಿ ಶುರು ಮಾಡಿದ ಐ-ಕೋರ್ ತರಬೇತಿಯಲ್ಲಿ ಸಂಶೋಧಕರ ತಂಡ ಏಳು ವಾರದಲ್ಲಿ ಗಿರಾಕಿ ಆಗಬಹುದಾದಂಥ 100 ಜನರನ್ನು ಮಾತಾಡಿಸಬೇಕು. ನಾನು ಅದೇ ದಾರಿ ಹಿಡಿದು ಪುತ್ತೂರು, ಸುಳ್ಯ ಕಡೆಯ ತೋಟಗಳಿಗೆ ಹೋದೆ. "ಡ್ರೈಯರ್ ಬೇಕಾ?" ಅಂತ ಕೇಳಲಿಲ್ಲ. ಕೇಳಿದರೆ ಎಲ್ಲರೂ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ, ಅಲ್ವಾ? "ಹೋದ ವರ್ಷ ಮೊದಲ ಕೊಯ್ಲಿಗೆ ಮಳೆ ಬಂದಾಗ ಏನು ಮಾಡಿದ್ರಿ?" ಅಂತ ಕೇಳಿದೆ.

ಚಾಲಿ ಅಡಿಕೆ (ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಅಂಗಳದಲ್ಲಿ ಒಣಗಲು 40–45 ದಿನ ಬೇಕು. ನಡುವೆ ಮಳೆ ಬಂದರೆ ಮನೆಮಂದಿಯೆಲ್ಲ ಅಡಿಕೆ ರಾಶಿ ಮಾಡಿ ಟರ್ಪಾಲು ಎಳೆಯಬೇಕು. ಬೂಸ್ಟು ಬಂದರೆ ಧಾರಣೆ ಇಳಿಯುತ್ತದೆ. ಕಟ್ಟಿಗೆ ಹಾಕಿ ಒಣಗಿಸಿದರೆ ಹೊಗೆ ತಾಗುವ ಭಯ. ಒಬ್ಬ ಹಿರಿಯರು ನೇರವಾಗಿ ಕೇಳಿದರು: "ಮೆಷಿನ್ ಒಳ್ಳೇದೇ ಮಾರಾಯ್ರೆ, ಮಳೆ ಬಿಟ್ಟ ಮೇಲೆ ಅದನ್ನು ಎಲ್ಲಿ ಇಡುದು?"

ಈ ಒಂದು ಪ್ರಶ್ನೆಯಿಂದ ವಿನ್ಯಾಸವೂ ಬದಲಾಯಿತು, ಲೆಕ್ಕವೂ ಬದಲಾಯಿತು. ಲ್ಯಾಬಿನಲ್ಲಿ ನಾವು ದಕ್ಷತೆಯ ಶೇಕಡಾವಾರು ಹಿಂದೆ ಓಡುತ್ತೇವೆ. ತೋಟದಲ್ಲಿ ಬೇಕಾದದ್ದು ಬಿಚ್ಚಿ ಇಡಬಹುದಾದ ಚೇಂಬರ್, ಒಬ್ಬರೇ ಎತ್ತಬಹುದಾದ ಟ್ರೇ. ಪೂರ್ತಿ ಒಣಗಿಸುವುದೂ ಬೇಡ. ಮಳೆಯ ದಿನ ದಾಟಿಸಿದರೆ ಸಾಕು, ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ. ಇನ್ನು, ವರ್ಷದಲ್ಲಿ ಕೆಲವೇ ವಾರ ಓಡುವ ಯಂತ್ರವನ್ನು ಸಣ್ಣ ಹಿಡುವಳಿಯವರು ಯಾಕೆ ಕೊಳ್ಳಬೇಕು? ಹಾಗಾಗಿ ಮಾರುವುದು ಸೊಸೈಟಿಗೆ, ರೈತರಿಗೆ ಬಾಡಿಗೆಗೆ ಅಂತ ಎಕ್ಸೆಲ್ ಹಾಳೆಯನ್ನು ಹೊಸದಾಗಿ ಬರೆದೆ.

ದುಡ್ಡಿನ ವಿಷಯ. ಗೇಟ್ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಅದರಲ್ಲಿ ಮಾದರಿ ಕಟ್ಟಲು ಆಗುವುದಿಲ್ಲ. ಕೇಂದ್ರದ ನಿಧಿ-ಪ್ರಯಾಸ್ ಯೋಜನೆಯಲ್ಲಿ ಮಾದರಿಗೆ 10 ಲಕ್ಷದವರೆಗೆ ಸಿಗುತ್ತದೆ. ಹೊಸ ಉದ್ಯಮಗಳಿಗೆ ನೆರವಾಗುವ ಇನ್‌ಕ್ಯುಬೇಶನ್ ಸೆಂಟರ್ ಮೂಲಕ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಕಾಲೇಜಿನ ಪೇಟೆಂಟ್ ನಿಯಮ ಓದಿ, ಹಕ್ಕು ಯಾರದ್ದು ಅಂತ ಗೈಡ್ ಹತ್ತಿರ ಮಾತಾಡಿ. ಪೇಪರ್ ಪ್ರಕಟಿಸುವ ಮುನ್ನವೇ ಪ್ರೊವಿಶನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕಿಬಿಡಿ. ಪೂರ್ಣ ಅರ್ಜಿಗೆ ಆಮೇಲೆ 12 ತಿಂಗಳು ಸಮಯ ಇರುತ್ತದೆ. ಪೇಪರ್ ಮೊದಲು ಹೊರಬಂದರೆ ಪೇಟೆಂಟ್ ಸಿಗುವುದು ಕಷ್ಟ. ಇದನ್ನು ಎಂ.ಟೆಕ್ ಸೇರಿದ ಮೊದಲ ವಾರದಲ್ಲೇ ಎಲ್ಲರಿಗೂ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಒಂದು ಸೊಸೈಟಿಯ ಜೊತೆ ಮಾತುಕತೆ ನಡೆಯುತ್ತಿದೆ. ಬಾಡಿಗೆ ದಿನದ ಲೆಕ್ಕವೋ ಕ್ವಿಂಟಲ್ ಲೆಕ್ಕವೋ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ನಾನು ಕ್ವಿಂಟಲ್ ಲೆಕ್ಕದ ಪರ. ಥಂಡಿ ದಿನ ಅಡಿಕೆ ನಿಧಾನಕ್ಕೆ ಒಣಗಿದರೆ ಅದರ ಖರ್ಚು ರೈತರ ತಲೆಗೆ ಬರಬಾರದು.