ಹಿತ್ತಲಲ್ಲಿ ಕಟ್ಟಿಗೆಯ ಡೆಕ್: ಲೆಕ್ಕ ಹಾಕಿದ್ದು ಹೇಗೆ, ರೊಕ್ಕ ಹೋದದ್ದು ಎಲ್ಲಿ

ಹಿತ್ತಲಲ್ಲಿ ಡೆಕ್, ಅಂದರೆ ಹಲಗೆಯ ಜಗುಲಿ, ಮಾಡಿಸುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ ಮಾತು: "ಸ್ಕ್ವೇರ್ ಫೂಟಿಗೆ ಎಷ್ಟು?" ನಾನೂ ಮೊದಲು ಗುತ್ತಿಗೆದಾರರೊಬ್ಬರನ್ನು ಅದನ್ನೇ ಕೇಳಿದೆ. ಚದರ ಅಡಿಗೆ 450 ರೂಪಾಯಿ ಅಂದರು. ಬಿಡಿಸಿ ಕೇಳಿದಾಗ ಗೊತ್ತಾಯಿತು, ಅದು ಮೇಲಿನ ಹಲಗೆ ಮತ್ತು ಅದನ್ನು ಕೂರಿಸುವ ಕೂಲಿ ಮಾತ್ರ. ಕೆಳಗಿನ ಕಬ್ಬಿಣ, ಪಾಯ, ಮೆಟ್ಟಿಲು, ಟೆಂಪೋ ಬಾಡಿಗೆ, ಜಿಎಸ್‌ಟಿ ಯಾವುದೂ ಅದರಲ್ಲಿ ಇರಲಿಲ್ಲ. ಅಲ್ಲಿಂದಾಚೆಗೆ ಚದರ ಅಡಿ ಲೆಕ್ಕ ಬಿಟ್ಟು, ಒಂದು ನೋಟ್‌ಬುಕ್ ಹಿಡಿದು ಒಂದೊಂದೇ ಸಾಮಾನು ಬರೆಯುತ್ತಾ ಹೋದೆ.

ನಮ್ಮ ಮನೆ ಹುಬ್ಬಳ್ಳಿಯ ಕುಸುಗಲ್ ರಸ್ತೆ ಕಡೆ. ಬೇಕಾಗಿದ್ದು ಅಡುಗೆಮನೆಯ ಹಿಂಬಾಗಿಲಿಗೆ ಹೊಂದಿಕೊಂಡು, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಹಲಗೆ ಹಾಸಿದ ಒಂದು ಬಯಲು ಜಗುಲಿ. ಸಂಜೆ ಕೂರೋಕೆ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸೋಕೆ. ಅತ್ತೆಯವರದು ಬೇರೆ ಮಾತು. "ಫರ್ಸಿ ಹಾಕಿಸಿಬಿಡವಾ, ಮಕ್ಕಳ ಕಾಲದತನಾ ಇರ್ತದ." ಅವರು ಹೇಳಿದ್ದರಲ್ಲಿ ಅರ್ಥ ಇತ್ತು. ಶಹಾಬಾದ್ ಫರ್ಸಿ (ನೆಲಕ್ಕೆ ಹಾಸುವ ಕಲ್ಲಿನ ಚಪ್ಪಡಿ) ಅಗ್ಗ, ಗಟ್ಟಿ, ಗೆದ್ದಲು ಹಿಡಿಯಲ್ಲ. ಆದರೆ ನಮ್ಮ ಹಿತ್ತಲ ನೆಲ ಎರೆಮಣ್ಣು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಕಪ್ಪು ಮಣ್ಣು. ಒಂದೂವರೆ ಅಡಿ ಮಣ್ಣು ತುಂಬಿ ಮೇಲೆ ಫರ್ಸಿ ಹಾಸಿದರೆ ನಾಲ್ಕು ಮಳೆಗಾಲದಲ್ಲಿ ಒಂದು ಮೂಲೆ ಕುಸಿದಿರುತ್ತದೆ. ನಮ್ಮ ಓಣಿಯಲ್ಲೇ ಅಂಥ ಕಟ್ಟೆಗಳಿವೆ. ಧಾರವಾಡದ ಪಶ್ಚಿಮಕ್ಕೆ ಮಸಾರಿ (ಕೆಂಪು ಮಣ್ಣಿನ) ನೆಲ ಇರುವವರು ಧಾರಾಳವಾಗಿ ಫರ್ಸಿ ಹಾಕಿಸಲಿ. ಅವರಿಗೆ ಡೆಕ್ ಬರೀ ಶೋಕಿ ಅಂತಲೇ ನನ್ನ ಅಭಿಪ್ರಾಯ.

ಅಳತೆ ಹಾಕುವ ಮೊದಲು ನೆಲದೊಳಗೆ ಏನೇನಿದೆ ಅಂತ ಗುರುತು ಮಾಡಿದೆ. ಹುಬ್ಬಳ್ಳಿಯಲ್ಲಿ ಇದು ಬಹಳ ಮುಖ್ಯ. ಮಲಪ್ರಭೆಯ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರು ಇದು, ಹಾಗಾಗಿ ಮನೆ ಮನೆಗೂ ಸಂಪು. ಸಂಪಿನ ಗೋಡೆ ಪಕ್ಕದಲ್ಲಿ ಗುಂಡಿ ತೋಡುವಂತಿಲ್ಲ. ಸುಣ್ಣದ ಪುಡಿಯಿಂದ ಸಂಪಿನ ಅಂಚು, ನಳದ ಪೈಪು, ಗಟಾರಿನ ಚೇಂಬರ್ ಎಲ್ಲಾ ನೆಲದ ಮೇಲೆ ಗೆರೆ ಎಳೆದೆ. ಸಂಪನ್ನು ಪೂರ್ತಿ ಹೊರಗೆ ಬಿಟ್ಟೆ. ಚೇಂಬರ್ ಮಾತ್ರ ಡೆಕ್ಕಿನ ಕೆಳಗೆ ಬರೋದು ತಪ್ಪಲಿಲ್ಲ. ಅಲ್ಲಿ ಎತ್ತಿ ತೆಗೆಯುವ ಒಂದು ಮುಚ್ಚಳ ಇರಲೇಬೇಕು ಅಂತ ಕಾಗದದಲ್ಲೇ ಬರೆದಿಟ್ಟೆ. ಚೇಂಬರ್ ಕಟ್ಟಿದ ದಿನ ಹಲಗೆ ಕೀಳಿಸೋದಕ್ಕಿಂತ ಇದು ಸೋವಿ, ಅಲ್ವಾ?

ಇನ್ನು ಅಳತೆ. 12 ಅಡಿ ಉದ್ದ, 10 ಅಡಿ ಅಗಲ ಅಂತ ಮೊದಲು ಅಂದುಕೊಂಡಿದ್ದೆ. ಕಬ್ಬಿಣದ ಅಂಗಡಿಯಲ್ಲಿ ಬಾಕ್ಸ್ ಪೈಪನ್ನು 20 ಅಡಿ ಅಂತ ಕರೆಯುತ್ತಾರೆ. ಟೇಪು ಹಿಡಿದು ನೋಡಿದರೆ ಅದು 6 ಮೀಟರ್, ಅಂದರೆ 19 ಅಡಿ 8 ಇಂಚು. 10 ಅಡಿಯ ಎರಡು ತುಂಡು ಅದರಲ್ಲಿ ಬರೋದಿಲ್ಲ! ಅದಕ್ಕೇ ಅಗಲವನ್ನು 9 ಅಡಿ 9 ಇಂಚು ಮಾಡಿದೆ. ಮೂರು ಇಂಚು ಕಡಿಮೆಯಾಗಿದ್ದು ಯಾರಿಗೂ ಕಾಣಲ್ಲ. ಆದರೆ ಒಂದು ಪೈಪಿಗೆ ಸರಿಯಾಗಿ ಎರಡು ತುಂಡು, ಚೂರೂ ವೇಸ್ಟ್ ಇಲ್ಲ.

ಕೆಳಗಿನ ಚೌಕಟ್ಟು ಹಳೇ ಮಾಳಿಗೆ ಮನೆಯ ತೊಲೆ-ಜಂತಿ ಲೆಕ್ಕವೇ, ಕಟ್ಟಿಗೆ ಬದಲು ಕಬ್ಬಿಣ ಅಷ್ಟೇ. ಉದ್ದಕ್ಕೆ ಮೂರು ತೊಲೆ, 4 ಇಂಚು ಎತ್ತರ 2 ಇಂಚು ಅಗಲದ ಪೈಪಿನವು. ಅದರ ಮೇಲೆ ಅಡ್ಡಲಾಗಿ 2 ಇಂಚು ಚೌಕದ ಜಂತಿ, 16 ಇಂಚಿಗೆ ಒಂದರಂತೆ ಹತ್ತು. ಎರಡು ತುದಿ ಮುಚ್ಚಲು 12 ಅಡಿಯ ಇನ್ನೆರಡು ತುಂಡು. ದೊಡ್ಡ ಪೈಪು ಮೂರು, ಸಣ್ಣ ಪೈಪು ಏಳು ಸಾಕಾಯಿತು. ಉಳಿದ ತುಂಡುಗಳು ಕಾಲುಗಳಿಗೆ, ಮುಚ್ಚಳಕ್ಕೆ, ಮೆಟ್ಟಿಲಿಗೆ ಹೋದವು. ಕಬ್ಬಿಣವನ್ನು ತೂಕದಲ್ಲಿ ಮಾರುತ್ತಾರೆ, ಹಾಗಾಗಿ ತೂಕವನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. 2 ಮಿಲಿಮೀಟರ್ ದಪ್ಪದ 2 ಇಂಚಿನ ಪೈಪು ಒಂದಕ್ಕೆ ಸುಮಾರು 18 ಕಿಲೋ, 4 ಇಂಚಿನದು 26 ಕಿಲೋ. ಒಟ್ಟು 204 ಕಿಲೋ. ತೂಕ ಇದಕ್ಕಿಂತ ತೀರಾ ಕಡಿಮೆ ಬಂದರೆ ಖುಷಿಪಡಬೇಡಿ, ಪೈಪಿನ ದಪ್ಪ ಕಡಿಮೆ ಇದೆ ಅಂತ ಅರ್ಥ.

ಪಾಯದ ವಿಷಯಕ್ಕೆ ಗೌಂಡಿಯವರ ಮಾತೇ ಕೊನೆ. "ಅಕ್ಕಾರ, ಇದು ಎರಿ ಐತ್ರಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ. ಮೂರು ಫೂಟ್ ಹೋಗೂಣ್ರಿ." ಒಂಬತ್ತು ಕಾಲಿಗೆ ಒಂಬತ್ತು ಗುಂಡಿ, ಒಂದೂವರೆ ಅಡಿ ಚೌಕ, ಮೂರು ಅಡಿ ಆಳ. ತಳದಲ್ಲಿ ಒಂದಡಿ ಗರಸು ಹಾಕಿ ಬಡಿದು, ಮೇಲೆ ಎರಡು ಅಡಿ ಕಾಂಕ್ರೀಟ್. ನೆಲದಿಂದ ಮೂರು ಇಂಚು ಮೇಲೆ ಎತ್ತಿದ್ದರಿಂದ ಕಬ್ಬಿಣದ ಕಾಲಿಗೆ ಮಣ್ಣು ತಾಗಲ್ಲ. ಕಾಲನ್ನು ಕಾಂಕ್ರೀಟಿನಲ್ಲಿ ಹೂಳಲಿಲ್ಲ. ಬೋಲ್ಟ್ ಹಾಕಿ ಪ್ಲೇಟ್ ಮೇಲೆ ನಿಲ್ಲಿಸಿದ್ದೇವೆ. ಮುಂದೆ ಯಾವುದಾದರೂ ಕಾಲು ಕುಸಿದರೆ ಬೋಲ್ಟ್ ಸಡಿಲಿಸಿ ಒಂದು ತಗಡು ತುರುಕಿದರೆ ಮಟ್ಟ ಸರಿಹೋಗುತ್ತದೆ. ಅದೇ ಕಾರಣಕ್ಕೆ ಡೆಕ್ಕನ್ನು ಮನೆಗೋಡೆಗೆ ಸೇರಿಸಲಿಲ್ಲ, ಒಂದಿಂಚು ಸಂದಿ ಬಿಟ್ಟೆ. ಮನೆಯ ಪಾಯ ಬೇರೆ ಆಳ, ಇದರದು ಬೇರೆ. ಎರಡನ್ನೂ ಕಟ್ಟಿಹಾಕಿದರೆ ಗೋಡೆ ಬಿರಿಯುತ್ತದೆ. ಡೆಕ್ಕಿನ ಮೇಲ್ಮೈ ಹೊಸ್ತಿಲಿಗಿಂತ ಎರಡು ಇಂಚು ಕೆಳಗಿದೆ, ಮಳೆನೀರು ಒಳಗೆ ಬರಬಾರದಲ್ಲ.

ಒಂಬತ್ತು ಗುಂಡಿಗೆ ಸುಮಾರು 40 ಘನ ಅಡಿ ಕಾಂಕ್ರೀಟ್. 1:2:4 ಮಿಶ್ರಣಕ್ಕೆ ಎಂಟು ಚೀಲ ಸಿಮೆಂಟ್, 18 ಘನ ಅಡಿ ಉಸುಕು, 36 ಘನ ಅಡಿ ಖಡಿ (ಜಲ್ಲಿ). ಒಂದು ಬ್ರಾಸ್ ಅಂದರೆ 100 ಘನ ಅಡಿ, ಅಂದರೆ ಎರಡರಲ್ಲಿ ಯಾವುದೂ ಅರ್ಧ ಬ್ರಾಸ್ ಆಗಲ್ಲ. ಸಣ್ಣ ಕೆಲಸದ ಕಷ್ಟ ಇಲ್ಲೇ ಇರೋದು. ಖಡಿಗಿಂತ ಟೆಂಪೋ ಬಾಡಿಗೆ ದೊಡ್ಡದು. ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದರೆ ಅವರ ರಾಶಿಯಿಂದಲೇ ಕೊಂಡುಬಿಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ನಿಜ, ಆದರೆ ಎಂಟು ಚೀಲಕ್ಕೆ ಅದರಿಂದ ಹೆಚ್ಚೇನೂ ಉಳಿಯಲ್ಲ. ಕಬ್ಬಿಣದ ರೇಟ್ ಹೇಳುವಾಗ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳುವುದು ಹೆಚ್ಚು ಉಪಯೋಗ. ಅಲ್ಲಿ ಶೇ. 18 ಅಂದರೆ ಸಾವಿರಗಳ ಮಾತು.

ಹಲಗೆಗೆ ಮೂರು ದಾರಿ ಇದ್ದವು. ಹೊಸ ಸಾಗವಾನಿ ನಮ್ಮ ಕೈಗೆ ಎಟುಕುವಂಥದ್ದಲ್ಲ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಡಬ್ಲ್ಯೂಪಿಸಿ ಹಲಗೆಗೆ ಗೆದ್ದಲಿನ ಕಾಟ ಇಲ್ಲ, ಎಣ್ಣೆಯೂ ಬೇಡ. ಆದರೆ ಏಪ್ರಿಲ್ ಮಧ್ಯಾಹ್ನ 37-38 ಡಿಗ್ರಿ ಬಿಸಿಲಲ್ಲಿ ಬರಿಗಾಲು ಇಟ್ಟರೆ ಚುರ್ ಅನ್ನುತ್ತದೆ. ಪರಿಚಯದವರ ಮನೆಯಲ್ಲಿ ನಿಂತು ನೋಡಿಯೇ ಇದನ್ನು ಹೇಳುತ್ತಿದ್ದೇನೆ. ಮೂರನೆಯದು ಹಳೇ ಮನೆ ಕೆಡವಿದ ಸಾಗವಾನಿ. ಇದನ್ನೇ ಆರಿಸಿದೆ. ಮಾಳಿಗೆ ಮನೆಯ ಹಳೇ ಜಂತಿಗಳು ಎಷ್ಟೋ ವರ್ಷ ಒಣಗಿ ನಿಂತಿರುತ್ತವೆ, ಇನ್ನು ಸೊಟ್ಟಾಗುವ ಭಯ ಕಡಿಮೆ. ಲೆಕ್ಕದ ಪ್ರಕಾರ 4 ಇಂಚು ಅಗಲ, 1 ಇಂಚು ದಪ್ಪದ 28 ಸಾಲು ಹಲಗೆಗೆ ಒಂಬತ್ತೂವರೆ ಘನ ಅಡಿ ಕಟ್ಟಿಗೆ ಸಾಕು. ಹಳೇ ಮಾಲು ಅಂದಮೇಲೆ ಒಂದೂವರೆ ಪಟ್ಟು ತಗೊಳ್ಳಬೇಕು. ತೂತು, ಸೀಳು, ಕೊಳೆತ ತುದಿ ಎಲ್ಲಾ ಹೋಗುತ್ತದಲ್ಲ. ನಾನು 14 ಘನ ಅಡಿ ತಗೊಂಡೆ. ಸಾ ಮಿಲ್ಲಿಗೆ ಕಳಿಸುವ ಮೊದಲು ಮೊಳೆ ಎಲ್ಲಾ ಕೀಳಿಸಿ. ಬ್ಲೇಡಿಗೆ ಮೊಳೆ ಸಿಕ್ಕರೆ ಅದರ ದುಡ್ಡೂ ನಿಮ್ಮ ತಲೆಗೇ ಬರುತ್ತದೆ. ಕೆಲವು ಮಿಲ್ಲಿನವರು ಹಳೇ ಕಟ್ಟಿಗೆ ಅಂದರೆ ಮುಟ್ಟೋದೇ ಇಲ್ಲ, ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಹಳೇ ಕಟ್ಟಿಗೆಯಲ್ಲಿ 12 ಅಡಿ ಉದ್ದ ಸಿಗೋದು ಅಪರೂಪ. ಇಲ್ಲಿ 16 ಇಂಚಿನ ಅಂತರ ಕೈಹಿಡಿಯಿತು. 8 ಅಡಿ ಅಂದರೆ ಸರಿಯಾಗಿ ಆರು ಅಂತರ, 4 ಅಡಿ ಅಂದರೆ ಮೂರು. ಒಂದು ಸಾಲಲ್ಲಿ ಮೊದಲು 8 ಆಮೇಲೆ 4, ಮುಂದಿನ ಸಾಲಲ್ಲಿ ಮೊದಲು 4 ಆಮೇಲೆ 8. ಜೋಡಣೆ ಯಾವಾಗಲೂ ಜಂತಿ ಮೇಲೇ ಬೀಳುತ್ತದೆ. ಬಡಿಗೇರರು ಈ ಲೆಕ್ಕ ನೋಡಿ, "ಮೇಡಮ್ಮಾರ, ನನಗ ಬರೇ ಸ್ಕ್ರೂ ಹೊಡಿಯೂದ ಉಳೀತು ನೋಡ್ರಿ" ಅಂತ ನಕ್ಕರು.

ಸ್ಕ್ರೂ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 28 ಸಾಲು, ಒಂದೊಂದು ಸಾಲು ಹತ್ತು ಜಂತಿ ದಾಟುತ್ತದೆ, ಪ್ರತಿ ಜಂತಿಗೆ ಎರಡು ಸ್ಕ್ರೂ. 560. ಜೋಡಣೆಗೆ ಇನ್ನೆರಡೆರಡು ಸೇರಿಸಿದರೆ 616. ಬಜೆಟ್ ಮಾಡುವಾಗ ಇದು ಯಾರ ತಲೆಗೂ ಹೊಳೆಯಲ್ಲ. ಸ್ಟೇನ್‌ಲೆಸ್ ಸ್ಟೀಲಿನದೇ ತಗೊಂಡೆ, ಸಾದಾ ಸ್ಕ್ರೂ ತುಕ್ಕು ಹಿಡಿದರೆ ಸುತ್ತ ಕಪ್ಪು ಕಲೆ ಬೀಳುತ್ತದೆ. ಹಲಗೆ ಹಲಗೆ ನಡುವೆ ಕಾಲು ಇಂಚು ಸಂದಿ ಇದೆ, ನೀರು ಇಳಿಯಲು.

ಖರ್ಚು ಹೀಗೆ ಬಿತ್ತು. ರೇಟುಗಳು ಹೋದ ಚಳಿಗಾಲದವು, ರೌಂಡ್ ಮಾಡಿದ್ದೇನೆ. ಕಬ್ಬಿಣ ಮತ್ತು ವೆಲ್ಡಿಂಗ್ 20,500. ಪಾಯ, ಗುಂಡಿ ತೋಡಿದ ಕೂಲಿ, ಟೆಂಪೋ ಸೇರಿ 15,200. ಕಟ್ಟಿಗೆ, ಕೊಯ್ಯಿಸಿದ್ದು, ಹತ್ತರಿ ಹೊಡೆಸಿದ್ದು 28,400. ಬಡಿಗೇರರ ಕೂಲಿ 12,000. ಸ್ಕ್ರೂ 4,800. ರೆಡ್ ಆಕ್ಸೈಡ್, ಬಣ್ಣ, ಎಣ್ಣೆ 5,500. ಮೆಟ್ಟಿಲು ಮತ್ತು ಹಿಡಿಕೆ 6,500. ಒಟ್ಟು 92,900, ಚದರ ಅಡಿಗೆ 800ರ ಹತ್ತಿರ. ಇದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹಲಗೆಯ ಕೆಳಗೆ, ಕಣ್ಣಿಗೆ ಕಾಣದ ಕಡೆ ಹೋಗಿದೆ. ಉಳಿಸಬೇಕು ಅನ್ನಿಸಿದರೆ ಡೆಕ್ಕನ್ನೇ ಸಣ್ಣದು ಮಾಡಿ. ಪೈಪಿನ ದಪ್ಪಕ್ಕೂ ಗುಂಡಿಯ ಆಳಕ್ಕೂ ಕೈ ಹಾಕಬೇಡಿ. ಇದರ ಹೊರತಾಗಿ 10,000 ಪಕ್ಕಕ್ಕೆ ಇಟ್ಟಿದ್ದೆ. ಅತ್ತೆಯವರ ಮೊಣಕಾಲಿಗಾಗಿ ಮೆಟ್ಟಿಲಿಗೆ ಇನ್ನೊಂದು ಬದಿಗೂ ಹಿಡಿಕೆ ಹಾಕಿಸಿದ್ದು ಆ ದುಡ್ಡಲ್ಲೇ. ಮೆಟ್ಟಿಲ ಬುಡಕ್ಕೆ ಅವರಿಗಿಷ್ಟದ ಎರಡು ಫರ್ಸಿಯೂ ಬಂದವು, ಕಾಲು ತೊಳೆಯಲು.

ಕೆಲಸಕ್ಕೆ ದೀಪಾವಳಿ ಆದಮೇಲಿನ ದಿನಗಳು ಒಳ್ಳೆಯವು. ಎರೆಮಣ್ಣು ಆಗ ಸಲಿಕೆಗೆ ಅಂಟುವಷ್ಟು ಹಸಿಯೂ ಅಲ್ಲ, ಹಾರೆ ಕುಣಿಯುವಷ್ಟು ಗಟ್ಟಿಯೂ ಅಲ್ಲ. ಕಾರಹುಣ್ಣಿಮೆ ಹೊತ್ತಿಗೆ ಹಳ್ಳಿಯಿಂದ ಬರುವ ಆಳುಗಳು ಬಿತ್ತನೆಗೆ ಹೋಗಿಬಿಡುತ್ತಾರೆ. ಅಮಾವಾಸ್ಯೆಗೆ ಯಾರೂ ಬರಲ್ಲ ಅನ್ನೋದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ದುಡ್ಡನ್ನು ಒಟ್ಟಿಗೆ ಕೊಡಲಿಲ್ಲ. ಶುರುವಿಗೆ ಸ್ವಲ್ಪ ಮುಂಗಡ, ಆಮೇಲೆ ಶನಿವಾರದ ಬಟವಡೆ, ಕೊನೆಯ ಭಾಗ ಮುಚ್ಚಳ ಸಲೀಸಾಗಿ ಎತ್ತಲು ಬಂದ ಮೇಲೆ.

ವರ್ಷದ ಖರ್ಚೂ ಇದೆ. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ತೊಳೆದು ಒಣಗಿಸಿ ಒಂದು ಕೋಟ್ ಎಣ್ಣೆ. ಹಸಿ ಅಗಸೆ ಎಣ್ಣೆ ಅಗ್ಗ ಅಂತ ಹಚ್ಚಬೇಡಿ, ಒಣಗೋದು ಬಹಳ ನಿಧಾನ, ಮಳೆಗಾಲದಲ್ಲಿ ಬೂಸು ಹಿಡಿದು ಕಪ್ಪಾಗುತ್ತದೆ. ಹೊರಾಂಗಣದ ಕಟ್ಟಿಗೆಗೆ ಅಂತಲೇ ಬರುವ ಎಣ್ಣೆ ತಗೊಳ್ಳಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಇರುವಂಥವು ತಾವಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಿಡಿಸಿ ಹರವಿ ಒಣಗಿಸಿ, ಆಮೇಲೆ ಬಿಸಾಡಿ.

ಮೇಲೆ ಛಾವಣಿ ಸದ್ಯಕ್ಕೆ ಬೇಡ ಅಂತ ಬಿಟ್ಟಿದ್ದೇನೆ. ಮನೆಯ ಹಿಂದೆ ಖಾಲಿ ಬಿಡಲೇಬೇಕಾದ ಜಾಗದಲ್ಲಿ ಛಾವಣಿ ಎದ್ದರೆ ಪಾಲಿಕೆಯ ತಕರಾರು ಬರಬಹುದು. ಮೊದಲು ಅಲ್ಲಿ ವಿಚಾರಿಸಬೇಕು. ಆದರೂ ನಾಲ್ಕು ಮೂಲೆಯ ಕಾಲುಗಳಿಗೆ ಒಂದೊಂದು ಪ್ಲೇಟ್ ಈಗಲೇ ವೆಲ್ಡ್ ಮಾಡಿಸಿಟ್ಟಿದ್ದೇನೆ. ಅನುಮತಿ ಸಿಕ್ಕರೆ ಕಂಬ ನಿಲ್ಲಿಸಲು ಬೋಲ್ಟ್ ಹಾಕಿದರೆ ಆಯಿತು, ಹಲಗೆ ಕೀಳುವ ಕೆಲಸವಿಲ್ಲ.