ಆರ್‌ಸಿ ವಿಮಾನಕ್ಕೆ ಎಂಜಿನ್ ಆರಿಸುವುದು, ಕೂರಿಸುವುದು: ಕರಾವಳಿಯಲ್ಲಿ ನಾನು ಮಾಡುವ ಕ್ರಮ

ಆರ್‌ಸಿ, ಅಂದರೆ ರಿಮೋಟ್‌ನಲ್ಲಿ ಹಾರಿಸುವ ಮಾಡೆಲ್ ವಿಮಾನಕ್ಕೆ ಎಂಜಿನ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಪವರ್ ಎಷ್ಟು ಅಂತ. ನಾನು ಮೊದಲು ನೋಡುವುದು ತೂಕ, ಆಮೇಲೆ ಪ್ರಾಪ್ (ಪ್ರೊಪೆಲರ್), ಪವರ್ ಕೊನೆಗೆ. ರೆಕ್ಕೆ 1.5ರಿಂದ 1.6 ಮೀಟರ್, ಒಟ್ಟು ತೂಕ ಎರಡೂವರೆ ಕಿಲೋ ಆಸುಪಾಸು ಇರುವ ‘40 ಸೈಜ್’ ಟ್ರೇನರ್ (ಹಾರಿಸಲು ಕಲಿಯುವವರ ವಿಮಾನ) ನಮ್ಮಲ್ಲಿ ಹೆಚ್ಚು. ಇಲ್ಲಿ 40 ಅಂದರೆ 0.40 ಘನ ಇಂಚು, ಅಂದರೆ 6.5 ಸಿಸಿ. 46 ಅಂದರೆ 7.5 ಸಿಸಿ. ಹಲವು ತಯಾರಕರು ಎರಡನ್ನೂ ಒಂದೇ ಕ್ರ್ಯಾಂಕ್‌ಕೇಸಿನ ಮೇಲೆ ಮಾಡುವುದರಿಂದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಮಫ್ಲರ್ ಸೇರಿ 46ರ ತೂಕ 490 ಗ್ರಾಂ ಸುತ್ತಮುತ್ತ. ಹಾಗಾಗಿ 40 ಸೈಜಿನ ಮಾಡೆಲ್‌ಗೆ ನಾನು ಕಣ್ಣುಮುಚ್ಚಿ ಹೇಳುವುದು ಟೂ ಸ್ಟ್ರೋಕ್ 46.

61 ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಎಂಜಿನ್ ಇರುವುದು ಸಿಜಿಯಿಂದ (ವಿಮಾನ ಸಮತೂಕದಲ್ಲಿ ನಿಲ್ಲುವ ಬಿಂದು) ಸುಮಾರು 25 ಸೆಂ.ಮೀ. ಮುಂದೆ, ಬಾಲ ಇರುವುದು 85 ಸೆಂ.ಮೀ. ಹಿಂದೆ ಎಂದಿಟ್ಟುಕೊಳ್ಳಿ. ಮೂತಿಯಲ್ಲಿ 100 ಗ್ರಾಂ ಹೆಚ್ಚಾದರೆ ಬಾಲಕ್ಕೆ 30 ಗ್ರಾಂ ಸೀಸ ಕಟ್ಟಬೇಕು. 61ಕ್ಕೆ ಮಫ್ಲರ್ ಸೇರಿ 650–700 ಗ್ರಾಂ. ಅಂದರೆ ಬಾಲದಲ್ಲಿ 50–60 ಗ್ರಾಂ ಸೀಸ, ಒಟ್ಟು ಕಾಲು ಕಿಲೋ ಸುಮ್ಮನೆ ಹೊತ್ತು ಹಾರಬೇಕು, ಇಳಿಯುವ ವೇಗವೂ ಏರುತ್ತದೆ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಗದ್ದೆಯಲ್ಲಿ ಇಳಿಸುವವರಿಗೆ ಹುಣಿ (ಗದ್ದೆಯ ಬದು) ತಲುಪುವ ಮೊದಲು ನಿಲ್ಲುವುದೇ ಮುಖ್ಯ.

ಶಾಫ್ಟ್‌ಗೆ ಬಾಲ್ ಬೇರಿಂಗ್ ಬೇಕೋ ಬುಷ್ (ಗುಂಡುಗಳಿಲ್ಲದ ಸಾದಾ ಲೋಹದ ಬಳೆ) ಸಾಕೋ ಎಂಬ ಪ್ರಶ್ನೆಗೆ ಘಟ್ಟದ ಮೇಲಿನವರ ಉತ್ತರ ಬೇರೆ, ನಮ್ಮದು ಬೇರೆ. ಈ ಎಂಜಿನ್‌ಗಳ ಇಂಧನದಲ್ಲಿರುವ ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಉರಿದ ಮೇಲೆ ಉಳಿಯುವ ಪಸೆಯಲ್ಲೂ ನೀರು ಇರುತ್ತದೆ. ಉಡುಪಿ, ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಹಿಂದಿನ ಬೇರಿಂಗ್‌ಗೆ ತುಕ್ಕು ಹಿಡಿಯಲು ತಿಂಗಳುಗಟ್ಟಲೆ ಬೇಡ. ಬುಷ್ ಎಂಜಿನ್ನಿನಲ್ಲಿ ಈ ಕಾಟ ಇಲ್ಲ, ಬೆಲೆಯೂ ಕಡಿಮೆ, ಆದರೆ ಪವರ್ ಕಡಿಮೆ. ಹಾರಿಸಿದ ಮೇಲೆ ಎಣ್ಣೆ ಹಾಕುವ ಶಿಸ್ತು ಇದ್ದರೆ ಬೇರಿಂಗ್, ಇಲ್ಲದಿದ್ದರೆ ಬುಷ್. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪ್ಲಗ್ ತೆಗೆದು, ಶಾಫ್ಟ್ ಹಿಡಿದು ನಿಧಾನ ತಿರುಗಿಸಿ ನೋಡಿ. ಗರಗರ ಎಂದು ಬೆರಳಿಗೆ ತಾಗಿದರೆ ಬೇರಿಂಗ್ ಹೋಗಿದೆ. ಎಬಿಸಿ ಎಂಜಿನ್ (ಅಲ್ಯುಮಿನಿಯಂ ಪಿಸ್ಟನ್, ಕ್ರೋಮ್ ಲೇಪದ ಹಿತ್ತಾಳೆ ಸಿಲಿಂಡರ್) ತಣ್ಣಗಿರುವಾಗ ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿ ಹಿಡಿಯುವುದು ಸಹಜ. ಅದು ದೋಷವಲ್ಲ, ಹಾಗೆ ಹಿಡಿಯದಿದ್ದರೆ ಸವೆದಿದೆ ಎಂದರ್ಥ.

ಫೋರ್ ಸ್ಟ್ರೋಕ್ ಸದ್ದು ಚೆಂದ, ದೊಡ್ಡ ಪ್ರಾಪ್ ತಿರುಗಿಸುತ್ತದೆ, ಬೆಲೆ ಮಾತ್ರ ಜಾಸ್ತಿ, ವಾಲ್ವ್ ಗ್ಯಾಪ್ ನೋಡುವ ಕೆಲಸವೂ ಸೇರುತ್ತದೆ. 20 ಸಿಸಿ ಪೆಟ್ರೋಲ್ ಎಂಜಿನ್‌ಗೆ ಇಗ್ನಿಷನ್, ಅದರ ಬ್ಯಾಟರಿ, ದೊಡ್ಡ ಮಾಡೆಲ್ ಎಲ್ಲ ಬೇಕು. ಮೊದಲ ಎಂಜಿನ್‌ಗೆ ಇವೆರಡೂ ಬೇಡ.

ಇನ್ನು ಕೂರಿಸುವ ಕೆಲಸ. ಫೈರ್‌ವಾಲ್ (ಎಂಜಿನ್ ಕೂರಿಸುವ, ಮೂತಿಯ ಅಡ್ಡಹಲಗೆ) 6 ಮಿ.ಮೀ. ಪ್ಲೈವುಡ್. ಬರ್ಚ್ ಪ್ಲೈ ಸಿಕ್ಕಿದರೆ ಹಗುರ. ಸಿಗದಿದ್ದರೆ ಐಎಸ್ 710 ಗುರುತಿನ ಮರೀನ್ ಪ್ಲೈ ಸಾಕು. ಸಾಧಾರಣ ಕಮರ್ಷಿಯಲ್ ಪ್ಲೈ ಬೇಡ, ಇಂಧನ ಇಳಿದರೆ ಅಂಚಿನಲ್ಲಿ ಪದರ ಬಿಡುತ್ತದೆ. ಮೂವತ್ತು ನಿಮಿಷದ ಎಪಾಕ್ಸಿಯಲ್ಲಿ ಅಂಟಿಸಿ, ಒಳಮೂಲೆಗೆ ತ್ರಿಕೋನ ಬಾಲ್ಸಾ ಕೊಟ್ಟು, ಎರಡೂ ಬದಿಯಿಂದ 3 ಮಿ.ಮೀ. ತೂತು ಕೊರೆದು ಬಿದಿರ ಕಡ್ಡಿ ಇಳಿಸುತ್ತೇನೆ. ಐದು ನಿಮಿಷದ ಎಪಾಕ್ಸಿ ಇಲ್ಲಿ ಬಳಸಬೇಡಿ. ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ.

ತೂತು ಕೊರೆಯುವ ಮೊದಲು ಮೂತಿಯ ಕೋನ ನಿರ್ಧರಿಸಬೇಕು. ಹಿಂದಿನಿಂದ ನೋಡಿದರೆ ಪ್ರಾಪ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಅದರ ಗಾಳಿ ಸುತ್ತುತ್ತ ಬಂದು ಬಾಲದ ನೆಟ್ಟ ರೆಕ್ಕೆಗೆ ಎಡದಿಂದ ಹೊಡೆಯುವುದರಿಂದ ಥ್ರೊಟಲ್ ಕೊಟ್ಟಾಗಲೆಲ್ಲ ಮೂತಿ ಎಡಕ್ಕೆ ಎಳೆಯುತ್ತದೆ. ಇದಕ್ಕೇ ಎಂಜಿನ್ನನ್ನು 2–3 ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸುವುದು. ತಳ ಚಪ್ಪಟೆಯಾದ ಮೇಲ್‌ರೆಕ್ಕೆಯ ಟ್ರೇನರ್ ಥ್ರೊಟಲ್ ಕೊಟ್ಟೊಡನೆ ಮೇಲೇಳುತ್ತದೆ, ಅದಕ್ಕೆ ಒಂದೆರಡು ಡಿಗ್ರಿ ಕೆಳಕ್ಕೂ ಬೇಕು. ಕಿಟ್ಟಿನಲ್ಲಿ ಫೈರ್‌ವಾಲೇ ಓರೆಯಾಗಿ ಬಂದಿರಬಹುದು. ಮೂಲೆಮಟ್ಟ ಇಟ್ಟು ನೋಡಿಕೊಳ್ಳಿ, ಇಲ್ಲವಾದರೆ ಕೋನ ಎರಡು ಸಲ ಸೇರಿಕೊಳ್ಳುತ್ತದೆ.

ಫೈರ್‌ವಾಲ್ ನೇರ ಇದ್ದರೆ ವಾಷರ್ ಕೊಡುತ್ತೇನೆ. ಮೌಂಟಿನ (ಎಂಜಿನ್ನನ್ನು ಫೈರ್‌ವಾಲ್‌ಗೆ ಹಿಡಿದಿಡುವ ಎರಡು ತೋಳಿನ ಆಸರೆ) ಬೋಲ್ಟ್‌ಗಳ ನಡುವೆ ಅಡ್ಡಕ್ಕೆ 40 ಮಿ.ಮೀ. ಇದ್ದರೆ 2 ಡಿಗ್ರಿಗೆ 1.4 ಮಿ.ಮೀ. ಎತ್ತರ ಬೇಕು. ಎಂ4 ವಾಷರ್ ದಪ್ಪ 0.8 ಮಿ.ಮೀ., ಎರಡು ಸೇರಿಸಿದರೆ 1.6. ಎಡಬದಿಯ ಎರಡೂ ಬೋಲ್ಟ್‌ಗೆ, ಮೌಂಟ್ ಮತ್ತು ಫೈರ್‌ವಾಲ್ ನಡುವೆ, ಎರಡೆರಡು ವಾಷರ್. ಎಡಬದಿ ಮುಂದಕ್ಕೆ ಬಂದು ಎಂಜಿನ್ ಬಲಕ್ಕೆ ನೋಡುತ್ತದೆ. ಕೆಳಕ್ಕೆ ಬೇಕಾದರೆ ಮೇಲಿನ ಎರಡು ಬೋಲ್ಟ್‌ಗೆ. ಎಡ, ಬಲ ಎಂದದ್ದೆಲ್ಲ ವಿಮಾನದ ಒಳಗೆ ಕೂತವನ ಎಡಬಲ. ಕೆಲಸ ಮಾಡುವಾಗ ಮೂತಿ ನಮ್ಮ ಕಡೆಗಿರುವುದರಿಂದ ಇಲ್ಲಿ ತಪ್ಪುವವರು ಬಹಳ. ಪೆನ್ಸಿಲ್‌ನಲ್ಲಿ ಫೈರ್‌ವಾಲ್ ಮೇಲೆ ‘ಎಡ’ ಎಂದು ಬರೆದಿಡುವುದು ಒಳ್ಳೆಯದು.

ಕೋನ ಕೊಟ್ಟ ಮೇಲೆ ಇನ್ನೊಂದು ಲೆಕ್ಕ ಹುಟ್ಟುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಸ್ಪಿನ್ನರ್ ಒಂದು ಬದಿಗೆ ಸರಿದು ಕೂತಿರುವುದು ಇದನ್ನು ಬಿಟ್ಟದ್ದರಿಂದ. ಫೈರ್‌ವಾಲ್‌ನಿಂದ ಪ್ರಾಪ್ ಕೂರುವ ಜಾಗಕ್ಕೆ 110 ಮಿ.ಮೀ. ಇದ್ದರೆ 2 ಡಿಗ್ರಿಗೆ ತುದಿ ಸುಮಾರು 4 ಮಿ.ಮೀ. ಬಲಕ್ಕೆ ಸರಿಯುತ್ತದೆ. ಆದ್ದರಿಂದ ಮೌಂಟಿನ ನಡುಗೆರೆಯನ್ನು ಫೈರ್‌ವಾಲಿನ ನಡುಗೆರೆಯಿಂದ 4 ಮಿ.ಮೀ. ಎಡಕ್ಕೆ ಎಳೆದು ಗುರುತು ಹಾಕುತ್ತೇನೆ. ಕೆಳಕ್ಕೂ ಕೋನ ಇದ್ದರೆ ಅದೇ ಲೆಕ್ಕದಲ್ಲಿ ಮೇಲಕ್ಕೆ.

ಬೋಲ್ಟ್ ಎಂ4 ಸ್ಟೇನ್‌ಲೆಸ್ ಅಲೆನ್, ಹಿಂದೆ ಬ್ಲೈಂಡ್ ನಟ್ (ಮರಕ್ಕೆ ಕಚ್ಚುವ ಹಲ್ಲಿರುವ ನಟ್). ಅಲೆನ್ ಬೋಲ್ಟ್‌ಗಳು ಮಂಗಳೂರಿನ ಬಂದರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಮೊದಲು 2 ಮಿ.ಮೀ. ತೂತು, ಆಮೇಲೆ ಬ್ಲೈಂಡ್ ನಟ್ಟಿನ ಕುತ್ತಿಗೆ ಇಳಿಯುವಷ್ಟು, ಸಾಮಾನ್ಯವಾಗಿ ಐದೂವರೆ ಮಿ.ಮೀ. ನಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಫೈರ್‌ವಾಲ್‌ನ ಅಂಟು ಸಡಿಲವಾಗುತ್ತದೆ. ಮುಂದಿನಿಂದ ಬೋಲ್ಟ್ ಮತ್ತು ದೊಡ್ಡ ವಾಷರ್ ಹಾಕಿ ತಿರುಗಿಸುತ್ತ ಹೋದರೆ ಹಲ್ಲುಗಳು ತಾವಾಗಿ ಮರಕ್ಕೆ ಇಳಿಯುತ್ತವೆ. ಹಿಂದೆ ಅಂಚಿಗೆ ಎಪಾಕ್ಸಿ ಸವರಿ, ಎಳೆಗೆ ತಾಗದಂತೆ. ಆಮೇಲೆ ಫೈರ್‌ವಾಲ್ ಮುಂಭಾಗ, ತೂತಿನ ಒಳಬದಿ, ಟ್ಯಾಂಕಿನ ಕೋಣೆ ಎಲ್ಲದಕ್ಕೂ ತೆಳು ಎಪಾಕ್ಸಿ ಬಳಿಯಬೇಕು. ಇಂಧನದ ಹರಳೆಣ್ಣೆ ಹೊಕ್ಕ ಮರಕ್ಕೆ ಮತ್ತೆ ಯಾವ ಅಂಟೂ ಹಿಡಿಯುವುದಿಲ್ಲ.

ಎಂಜಿನ್ನನ್ನು ಮೌಂಟಿನ ಮೇಲೆ ಎಲ್ಲಿ ಕೂರಿಸಬೇಕೆಂಬುದು ಸಿಜಿ ನೋಡಿಯೇ ತೀರ್ಮಾನ. ರೆಕ್ಕೆ, ಬ್ಯಾಟರಿ, ಸರ್ವೋ, ಖಾಲಿ ಟ್ಯಾಂಕ್, ಪ್ರಾಪ್ ಎಲ್ಲವನ್ನೂ ಇಟ್ಟು, ಎಂಜಿನ್ನನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಪ್ಲಾನಿನಲ್ಲಿ ಹೇಳಿದ ಕಡೆ ಬೆರಳಿಟ್ಟು ಎತ್ತುತ್ತೇನೆ. ಪ್ಲಾನ್ ಇಲ್ಲದಿದ್ದರೆ ರೆಕ್ಕೆಯ ಅಗಲದ 28–30 ಶೇಕಡಾ ಟ್ರೇನರ್‌ಗೆ ಸರಿ. ಎಂಜಿನ್ 10 ಮಿ.ಮೀ. ಮುಂದೆ ಸರಿದರೆ ಮೂತಿಯಲ್ಲಿ 20 ಗ್ರಾಂ ಸೀಸ ಇಟ್ಟ ಹಾಗೆ. ಸೀಸ ಸೇರಿಸದೆ ಸರಿದೂಗಿಸಬಹುದಾದದ್ದು ಈ ಹಂತದಲ್ಲಿ ಮಾತ್ರ.

ಜಾಗ ಸಿಕ್ಕ ಮೇಲೆ ಎಂಜಿನ್ ಕಿವಿಗಳ ತೂತಿನ ಮೂಲಕ ಗುರುತು ಹಾಕಿ, ಡ್ರಿಲ್ ಪ್ರೆಸ್‌ನಲ್ಲಿ ಕೊರೆಯಿರಿ. ಮನೆಯಲ್ಲಿ ಇಲ್ಲದಿದ್ದರೆ ಹತ್ತಿರದ ಲೇತ್ ವರ್ಕ್‌ಶಾಪಿನಲ್ಲಿ ಹತ್ತು ನಿಮಿಷದ ಕೆಲಸ. ಕೈ ಡ್ರಿಲ್ ಗಾಜುನಾರಿನ ನೈಲಾನ್ ಮೌಂಟ್ ಮೇಲೆ ಜಾರುತ್ತದೆ. ಎಂ3ಕ್ಕೆ 2.5 ಮಿ.ಮೀ., ಎಂ4ಕ್ಕೆ 3.3 ಮಿ.ಮೀ. ಕೊರೆದು ಟ್ಯಾಪ್ ಹೊಡೆಯಬೇಕು. ಇಲ್ಲವೇ ಆರುಪಾರು ಕೊರೆದು ಕೆಳಗೆ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್). ನನಗೆ ನೈಲಾಕ್ ಮೇಲೇ ಹೆಚ್ಚು ಭರವಸೆ.

ಬಿಗಿ ಮಾಡುವ ಮೊದಲು ಒಂದು ಪರೀಕ್ಷೆ ಇದೆ, ಇದನ್ನು ಬಿಡಬಾರದು. ಮೂರು ಬೋಲ್ಟ್ ಬಿಗಿ ಮಾಡಿ ನಾಲ್ಕನೆಯದನ್ನು ಸಡಿಲ ಬಿಟ್ಟು, ಆ ಕಿವಿಯ ಅಡಿಗೆ ಬಿಲ್ ಕಾಗದದ ಚೂರು ತೂರಿಸಿ ನೋಡಿ. ಕಾಗದ ಹೋದರೆ ಮೌಂಟಿನ ಎರಡು ತೋಳು ಒಂದೇ ಮಟ್ಟದಲ್ಲಿಲ್ಲ. ಹಾಗೇ ಬಿಗಿದರೆ ಕ್ರ್ಯಾಂಕ್‌ಕೇಸ್ ತಿರುಚಿಕೊಂಡು ಶಾಫ್ಟ್ ಬಿಗಿಯಾಗುತ್ತದೆ. ಪ್ಲಗ್ ತೆಗೆದು, ಬಿಗಿಯುವ ಮೊದಲು ಮತ್ತು ನಂತರ ಶಾಫ್ಟ್ ತಿರುಗಿಸಿದರೆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಎತ್ತರದ ತೋಳನ್ನು ಅರದಿಂದ ಸ್ವಲ್ಪಸ್ವಲ್ಪವೇ ಉಜ್ಜಿ ಸರಿಮಾಡಬೇಕು. ‘ಹೊಸ ಎಂಜಿನ್, ಆದರೂ ಬಿಸಿಯಾಗಿ ನಿಲ್ಲುತ್ತದೆ’ ಎಂಬ ದೂರಿನ ಹಿಂದೆ ಇದೂ ಇರುತ್ತದೆ.

ಸಿಲಿಂಡರ್ ಮೇಲ್ಮುಖವಾಗಿ ಕೂರಿಸುವುದೇ ಹೊಸಬರಿಗೆ ಕ್ಷೇಮ. ತಲೆಕೆಳಗಾಗಿ ಕೂರಿಸಿದರೆ ನೋಟ ಚೆಂದ, ಆದರೆ ಇಂಧನ ಪ್ಲಗ್ ಕಡೆ ಇಳಿದು ತುಂಬುತ್ತದೆ. ಆಗ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಟ್ಯಾಂಕ್ 300 ಮಿ.ಲೀ., ಸ್ಪಾಂಜಿನಲ್ಲಿ ಸುತ್ತಿ, ನಡುಗೆರೆ ಕಾರ್ಬುರೇಟರ್‌ನ ಸ್ಪ್ರೇ ಬಾರ್ (ಇಂಧನ ಚಿಮ್ಮುವ ಕೊಳವೆ) ಮಟ್ಟಕ್ಕೆ ಅಥವಾ 5–10 ಮಿ.ಮೀ. ಕೆಳಗೆ. ಮೇಲೆ ಇಟ್ಟರೆ ನಿಂತ ಎಂಜಿನ್‌ಗೂ ಇಂಧನ ಇಳಿಯುತ್ತದೆ. ತುಂಬಾ ಕೆಳಗಿಟ್ಟರೆ ಟ್ಯಾಂಕ್ ಖಾಲಿಯಾಗುತ್ತ ಬಂದಂತೆ ಎಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ಸ್ಪಾಂಜ್ ಇಲ್ಲದಿದ್ದರೆ ನಡುಕಕ್ಕೆ ಇಂಧನ ನೊರೆಯಾಗಿ ಅದೇ ಫಲ. ಒಳಗಿನ ಕ್ಲಂಕ್ (ಇಂಧನ ಹೀರುವ ಪೈಪಿನ ತುದಿಯ ಭಾರದ ಗುಂಡು) ಹಿಂದಿನ ಗೋಡೆಗೆ ತಾಗದೆ ಆಡುತ್ತಿರಬೇಕು. ಮಫ್ಲರಿನಿಂದ ಒತ್ತಡದ ಪೈಪ್ ಟ್ಯಾಂಕಿನ ಗಾಳಿಪೈಪಿಗೆ. ಗ್ಲೋ (ಮೆಥನಾಲ್) ಇಂಧನಕ್ಕೆ ಸಿಲಿಕೋನ್ ಪೈಪ್ ಸರಿ, ಪೆಟ್ರೋಲ್‌ಗೆ ಅದು ಉಬ್ಬಿ ಹಾಳಾಗುತ್ತದೆ.

ಪ್ರಾಪ್ 46ಕ್ಕೆ 11x6, ಅಂದರೆ ವ್ಯಾಸ 11 ಇಂಚು, ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕ) 6 ಇಂಚು. ಕೂಳೆ ಎತ್ತರ ಇರುವ ಗದ್ದೆಯಾದರೆ 10x7, ನೆಲದಿಂದ ಇರುವ ಅಂತರ ಇನ್ನೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ಏರುತ್ತದೆ. ಪ್ರಾಪ್ ಬ್ಯಾಲೆನ್ಸ್ ಮಾಡದೆ ಹಾಕಬೇಡಿ. ಮೌಂಟ್ ಬೋಲ್ಟ್ ಸಡಿಲಗೊಳ್ಳಲು, ನೊರೆ ಏಳಲು ಮೂಲ ಅದೇ.

ಇಂಧನ: ನೈಟ್ರೋ ಇಲ್ಲದ 80:20, ಲೀಟರಿಗೆ 800 ಮಿ.ಲೀ. ಮೆಥನಾಲ್, 200 ಮಿ.ಲೀ. ಶುದ್ಧ ಹರಳೆಣ್ಣೆ. ತಲೆಗೆ ಹಚ್ಚುವ, ಸುವಾಸನೆ ಬೆರೆತ ಎಣ್ಣೆ ಅಲ್ಲ. ಮೆಥನಾಲ್ ವಿಷ, ಚರ್ಮದಿಂದಲೂ ಒಳಹೋಗುತ್ತದೆ, ಹಗಲಲ್ಲಿ ಅದರ ಉರಿ ಕಾಣುವುದೇ ಇಲ್ಲ. ಪರವಾನಗಿ ಇರುವ ಕೆಮಿಕಲ್ ವ್ಯಾಪಾರಿಯಿಂದ ಬಿಲ್ ಸಹಿತ ಕೊಳ್ಳಿ, ಕ್ಯಾನ್ ಮುಚ್ಚಳ ಬಿಗಿಯಾಗಿರಲಿ. ಅರ್ಧ ಖಾಲಿ ಕ್ಯಾನ್ ಆಟಿ ತಿಂಗಳು (ತುಳುವರ ಜೋರು ಮಳೆಯ ತಿಂಗಳು) ಕಳೆದ ಮೇಲೆ ನೀರು ಕುಡಿದಿರುತ್ತದೆ, ಐಡಲ್ ನಿಲ್ಲುವುದಿಲ್ಲ.

ನೀಡಲ್ (ಇಂಧನದ ಪ್ರಮಾಣ ಹೊಂದಿಸುವ ತಿರುಪು) ಎರಡೂವರೆ ಸುತ್ತು ತೆರೆದು ಶುರು ಮಾಡಿ. ಫುಲ್ ಥ್ರೊಟಲ್‌ನಲ್ಲಿ ಸದ್ದು ಏರಿ ನಿಂತ ಮೇಲೆ 300 ಆರ್‌ಪಿಎಂ ಇಳಿಯುವಷ್ಟು ಮತ್ತೆ ತೆರೆಯಬೇಕು. ಮೂತಿ ಆಕಾಶಕ್ಕೆ ಮಾಡಿ ಹದಿನೈದು ಸೆಕೆಂಡ್ ಹಿಡಿಯಿರಿ, ಇಳಿದ ಆರ್‌ಪಿಎಂ ಸ್ವಲ್ಪ ಏರಿದರೆ ಸರಿ, ಸೊರಗಿದರೆ ಇನ್ನಷ್ಟು ತೆರೆಯಿರಿ. ಬೆಂಗಳೂರಿನಲ್ಲಿ ಟ್ಯೂನ್ ಮಾಡಿ ತಂದ ಎಂಜಿನ್ ಇಲ್ಲಿ ಹಾಗೇ ಓಡಿಸಬಾರದು. 900 ಮೀಟರ್ ಎತ್ತರಕ್ಕಿಂತ ಸಮುದ್ರಮಟ್ಟದ ಗಾಳಿ ದಟ್ಟ, ಅದೇ ನೀಡಲ್‌ನಲ್ಲಿ ಎಂಜಿನ್ ಲೀನ್ ಆಗಿ ಸುಡುತ್ತದೆ.

ಹಾರಿಸುವ ಜಾಗ ಬಜ್ಪೆ ವಿಮಾನ ನಿಲ್ದಾಣದಿಂದ ಎಷ್ಟು ದೂರ ಎಂದು ಡಿಜಿಟಲ್ ಸ್ಕೈ (ಡ್ರೋನ್ ಹಾರಾಟಕ್ಕೆ ಸರಕಾರದ ಜಾಲತಾಣ) ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. ಕಡಲತೀರದ ಮರಳಿನಲ್ಲಿ ಎಂಜಿನ್ ಚಾಲೂ ಮಾಡಬೇಡಿ. ಪ್ರಾಪ್ ಎಬ್ಬಿಸಿದ ಮರಳು ನೇರ ಕಾರ್ಬುರೇಟರ್‌ಗೆ ಹೋಗುತ್ತದೆ.

ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಪೈಪ್ ಕಿತ್ತು ಉಳಿದ ಇಂಧನ ಉರಿದು ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಕಾರ್ಬುರೇಟರ್‌ಗೆ ಆಫ್ಟರ್ ರನ್ ಎಣ್ಣೆ (ತುಕ್ಕು ತಡೆಯುವ ಎಣ್ಣೆ) ಹತ್ತು ಹನಿ, ಪ್ಲಗ್ ತೂತಿಗೆ ನಾಲ್ಕು ಹನಿ, ಹಿಂದಿನ ಬೇರಿಂಗ್‌ಗೂ ಮುಟ್ಟುವಂತೆ ಕೈಯಲ್ಲಿ ತಿರುಗಿಸಿ. ಮೊದಲ ದಿನ ಹಾರಿಸಿ ಬಂದ ಮೇಲೆ ಮೌಂಟಿನ ಎಂಟೂ ಬೋಲ್ಟ್‌ಗಳಿಗೆ ಅಲೆನ್ ಕೀ ಹಾಕಿ ನೋಡಿ. ನೈಲಾನೂ ಪ್ಲೈಯೂ ಬಿಸಿಗೆ, ಒತ್ತಡಕ್ಕೆ ಒಂದಿಷ್ಟು ಕುಗ್ಗಿರುತ್ತವೆ, ಕಾಲು ಸುತ್ತು ಖಂಡಿತ ಬಿಗಿಯುತ್ತದೆ. ಮಳೆಗಾಲ ಮುಗಿದು ಮತ್ತೆ ಗದ್ದೆಗೆ ಇಳಿಯುವ ಮೊದಲೂ ಇದನ್ನು ಮಾಡಿ.