ಪಾಚಿ ಬಾಟಲಿಗೆ ಎಷ್ಟು ಬೆಳಕು ಕೊಡಬೇಕು?

ಕ್ಲೋರೆಲ್ಲಾ ಎಂಬ ಏಕಕೋಶದ ಹಸಿರು ಪಾಚಿಯನ್ನು ಬಾಟಲಿಯಲ್ಲಿ ಬೆಳೆಸಲು ಹೊರಟಾಗ ನಾನು ಮೊದಲ ದಿನವೇ ಎಲ್‌ಇಡಿ ಫುಲ್ ಇಟ್ಟುಬಿಟ್ಟೆ. ಮೂರನೇ ದಿನಕ್ಕೆ ತೆಳು ಹಸಿರು ಹೋಗಿ ನೀರು ಹಳದಿಗೆ ತಿರುಗಿತು. ಪೋಷಕಾಂಶ ಸಾಲದೇನೋ ಎಂದುಕೊಂಡು ಇನ್ನಷ್ಟು ಸುರಿದೆ, ಅದೂ ದಂಡ.

ಆಗುವುದು ಇಷ್ಟೇ. ಪಾಚಿ ತೆಳುವಾಗಿದ್ದಾಗ ಒಂದೊಂದು ಕೋಶದ ಮೇಲೂ ಪೂರ್ತಿ ಬೆಳಕು ಬೀಳುತ್ತದೆ, ಬಳಸಿಕೊಳ್ಳಲಾಗದಷ್ಟು ಬಿದ್ದರೆ ಬೆಳಕು ಹಿಡಿಯುವ ಅಂಗವೇ ಹಾಳಾಗುತ್ತದೆ. ದಟ್ಟವಾದ ಮೇಲೆ ಕಥೆ ಉಲ್ಟಾ. ಗಾಜಿಗೆ ಹತ್ತಿರ ಇರುವ ಕೋಶಗಳೇ ಬೆಳಕನ್ನೆಲ್ಲ ನುಂಗುತ್ತವೆ, ಬಾಟಲಿಯ ನಡುವೆ ಕತ್ತಲು. ಹಾಗಾಗಿ ದೀಪ ಎಷ್ಟು ಜೋರು ಎನ್ನುವುದಕ್ಕಿಂತ ಒಂದು ಕೋಶದ ಪಾಲಿಗೆ ಎಷ್ಟು ಬರುತ್ತಿದೆ ಎಂದು ನೋಡಬೇಕು.

ಡಿಮ್ಮರ್ ಇರುವ ಬಿಳಿ ಎಲ್‌ಇಡಿ ಸಾಕು. ನೇರಳೆ ಬಣ್ಣದ ಗ್ರೋ ಲೈಟ್ ಬೇಕೇ ಬೇಕು ಅಂತೇನಿಲ್ಲ. ಕೆಂಪು, ನೀಲಿ ಬೆಳಕನ್ನು ಪಾಚಿ ಚೆನ್ನಾಗಿ ಹೀರುತ್ತದೆ ನಿಜ, ಆದರೆ ಕಡಿಮೆ ಹೀರುವ ಹಸಿರು ಬೆಳಕೇ ದಟ್ಟ ಪಾಚಿಯೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ, ಬಿಳಿಯಲ್ಲಿ ಮೂರೂ ಇವೆ ಅಲ್ವಾ? ಅಳೆಯಲು ಲಕ್ಸ್ ಮೀಟರ್ ಹಿಡಿಯಿರಿ. ಬಿಳಿ ಎಲ್‌ಇಡಿ ಆದರೆ ಲಕ್ಸ್ ಅನ್ನು ಸುಮಾರು 70ರಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ (ಬೆಳಕಿನ ಕಣಗಳ ಲೆಕ್ಕ) ಬೀಳುತ್ತಿದೆ ಎಂಬ ಒರಟು ಅಂದಾಜು ಸಿಗುತ್ತದೆ. ಗಾಜಿನ ಮೇಲೆ 4,000–5,000 ಲಕ್ಸ್, ಅಂದರೆ 60–70 ಮೈಕ್ರೊಮೋಲ್ ಬೀಳುವಂತೆ ಶುರು ಮಾಡಿ.

ಯಾವಾಗ ಏರಿಸಬೇಕು? ಬಾಟಲಿ ಹಿಂದೆ ದಪ್ಪ ಅಕ್ಷರ ಬರೆದ ಚೀಟಿ ಅಂಟಿಸಿ. ಅಕ್ಷರ ಮಸುಕಾಗತೊಡಗಿದರೆ ಒಂದು ಹೆಜ್ಜೆ ಏರಿಸಿ, ಸುಮಾರು 100 ಮೈಕ್ರೊಮೋಲಿಗೆ. ಪೂರ್ತಿ ಕಾಣದಾದಾಗ 150, ಆಮೇಲೆ 200. ಪ್ರತಿ ಸಲ ಏರಿಸಿ ಒಂದು ದಿನ ಸುಮ್ನೆ ಬಿಡಿ. ಬಣ್ಣ ಪೇಲವವಾದರೆ ಹಿಂದಿನ ಹೆಜ್ಜೆಗೆ ಇಳಿಸಿ. ಕಲರಿಮೀಟರ್ (ನೀರಿನ ಮೂಲಕ ಎಷ್ಟು ಬೆಳಕು ದಾಟುತ್ತದೆ ಎಂದು ಅಳೆಯುವ ಉಪಕರಣ) ಇದ್ದವರಿಗೆ ಚೀಟಿ ಆಟ ಬೇಡ, ರೀಡಿಂಗ್ ನೋಡಿಕೊಂಡೇ ಏರಿಸಬಹುದು.

ತೆಳು ಪಾಚಿ ಮೊದಲ ದಿನಗಳಲ್ಲೇ ಹಳದಿಯಾದರೆ ಮೊದಲು ಬೆಳಕಿನ ಮೇಲೆ ಅನುಮಾನ ಪಡಿ. ದಟ್ಟವಾದ ಹಳೇ ಪಾಚಿ ಹಳದಿಯಾದರೆ ಸಾರಜನಕ ಮುಗಿದಿರುವ ಸಾಧ್ಯತೆ ಜಾಸ್ತಿ.

ಪಂಪ್‌ನಿಂದ ಬಾಟಲಿಗೆ ಬರುವ ಗಾಳಿಗುಳ್ಳೆ ನಿಲ್ಲಬಾರದು. ಕೋಶಗಳು ಕತ್ತಲಿನಿಂದ ಬೆಳಕಿಗೆ, ಬೆಳಕಿನಿಂದ ಕತ್ತಲಿಗೆ ಸುತ್ತುತ್ತಿರಬೇಕು, ಇಲ್ಲದಿದ್ದರೆ ಡಿಮ್ಮರ್ ತಿರುಗಿಸಿ ಏನೂ ಪ್ರಯೋಜನವಿಲ್ಲ. ಟೈಮರ್‌ನಲ್ಲಿ 16 ಗಂಟೆ ಬೆಳಕು, 8 ಗಂಟೆ ಕತ್ತಲು ಇಡಿ. ರಾತ್ರಿಯೂ ಪಾಚಿ ಉಸಿರಾಡುತ್ತದೆ, ಪಂಪ್ ಆಫ್ ಮಾಡಬೇಡಿ. ದೀಪದ ಬಿಸಿಯನ್ನೂ ಗಮನಿಸಿ, ನೀರು 25–30 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು.

ತಾರಸಿ ಮೇಲೆ ಇಡುವವರಿಗೆ ಒಂದು ಮಾತು: ಮಧ್ಯಾಹ್ನದ ನೇರ ಬಿಸಿಲು 2,000 ಮೈಕ್ರೊಮೋಲ್ ಹತ್ತಿರ ಹೋಗುತ್ತದೆ. ಅಡಿಕೆ ಸಸಿಗೆ ಕಟ್ಟುವ ಶೇಡ್ ನೆಟ್ಟನ್ನೇ ಇದಕ್ಕೂ ಕಟ್ಟಿ, ಶುರುವಿನಲ್ಲಿ ಎರಡು ಪದರ.

ಕೊನೆಗೆ ಅರ್ಧ ಪಾಚಿ ತೆಗೆದು ಹೊಸ ನೀರು, ಪೋಷಕಾಂಶ ತುಂಬಿದ ದಿನ ಬೆಳಕನ್ನೂ ಇಳಿಸಿ. ನಾನು ಎರಡನೇ ಸಲ ಪಾಚಿ ಕಳೆದುಕೊಂಡಿದ್ದು ಇದನ್ನು ಮರೆತೇ.